ಏಳುನೂರರ ಆಸುಪಾಸು

ಓಡುವಾಗ ಏನೂ ತೊಂದರೆಯಿಲ್ಲ ಅಂತಾನೆ ತಿಮ್ಮೇಶ.
ನಿಂತರೇ ಕಷ್ಟ.
ಹಾಸನದ ಎಪಿಎಂಸಿ ಗೇಟಲ್ಲಿ ಚೀಟಿ ಹರಿಯುವಷ್ಟರಲ್ಲಿ ಆಫು,
ಎನ್.ಆರ್. ಸರ್ಕಲ್ಲಲ್ಲಿ ದೀಪ ಹಸಿರಾಗುವ ಮೊದಲೇ ಆಫು,
ಮೊನ್ನೆ ದೋಣಿಗಾಲ್ ದಾಟಿ ಇಳಿಜಾರಲ್ಲಿ
ಕ್ಲಚ್ ತುಳಿದದ್ದೇ ತಡ, ಆಫು.
ಸ್ಟೇರಿಂಗ್ ಕಲ್ಲಾಯಿತು. ಬೆನ್ನ ಹಿಂದೆ
ನೂರೆಪ್ಪತ್ತು ಮೂಟೆ ಆಲೂಗಡ್ಡೆ.
"ಹೆಂಡ್ತಿ ಮಕ್ಳ ಮುಖ ನೆಪ್ಪಾಗ್ಲಿಲ್ಲ ಸಾಬ್ರೆ,
ಮುಂದ್ಲ ಟ್ಯಾಂಕರಿನ ನಂಬ್ರ ಮಾತ್ರ ಕಾಣ್ತಿತ್ತು.
ಈಗ್ಲೂ ಬಾಯ್ಪಾಠ ಐತೆ."

ಖಲಂದರ್ ಮೇಸ್ತ್ರಿಗೆ ಇದರಲ್ಲಿ ಅರ್ಧ ಕೇಳಿಸಿರಬೇಕು.
ಎಡಗಿವಿ ಹೋಗಿ ಆರು ವರ್ಷ,
ಬಲಗಿವಿ ಹೊರಟು ನಿಂತಿದೆ.
ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿಕೊಂಡು
ನಲವತ್ತು ವರ್ಷ ಬೇರಿಂಗುಗಳ ಕಾಯಿಲೆ ಕೇಳಿದವರು
ಈಗ ಒಂದು ಗ್ಲಾಸು ಟೀ ತಂದು ಇಂಜಿನ್ ಮೇಲಿಡುತ್ತಾರೆ.
ಕುಡಿಯುವುದಿಲ್ಲ. ನೋಡುತ್ತಾರೆ.

ಟೀಯ ಮೇಲೆ ಉಂಗುರ:
ದೊಡ್ಡದು, ದೊಡ್ಡದು, ಸಣ್ಣದು, ಏನೂ ಇಲ್ಲ,
ಮತ್ತೆ ನಿದ್ದೆಯಲ್ಲಿ ಬೆಚ್ಚಿದಂತೆ ದೊಡ್ಡದು.
ಒಂಬೈನೂರು, ಐನೂರು, ಸಾವಿರ, ನಾನೂರು.
"ಹುಡುಕ್ತಾ ಐತೆ" ಅನ್ನುತ್ತಾರೆ
ಪಕ್ಕದ ಟೈರಿನಂಗಡಿಗೂ ಕೇಳುವ ಹಾಗೆ.

ನಾನು ಸ್ಕ್ಯಾನರ್ ಚುಚ್ಚಿದೆ.
ಐಟಿಐ ಓದಿದವನು ನಾನು; ಹನ್ನೆರಡು ಸಾವಿರದ ಸ್ಕ್ಯಾನರೂ ನನ್ನದೇ,
ಕಂತು ಇನ್ನೂ ನಾಲ್ಕು ಬಾಕಿ.
ಅದು ಹೇಳಿತು: ದೋಷವಿಲ್ಲ.
ತಿಮ್ಮೇಶ ನನ್ನ ಮುಖ ನೋಡಿದ.

ಥ್ರಾಟಲ್ ಬಾಡಿ ಬಿಚ್ಚಿದೆವು.
ಗಾಳಿ ತಡೆಯುವ ದುಂಡನೆ ರೆಕ್ಕೆ, ಅದರ ಅಂಚಿಗೆಲ್ಲ ಮಸಿ.
ರೆಕ್ಕೆ ಮುಚ್ಚಿದಾಗಲೂ ಕೂದಲೆಳೆಯಷ್ಟು ಸಂದಿ ಇರಬೇಕು,
ನಿಂತ ಗಾಡಿ ಉಸಿರಾಡುವುದು ಅಲ್ಲಿಂದ.
ಸ್ಪ್ರೇ ಹೊಡೆದು ಹಳೇ ಪಂಚೆಯ ಚೂರಲ್ಲಿ ಒರೆಸಿ ಕೂರಿಸಿ
ಸ್ಟಾರ್ಟ್ ಮಾಡಿದರೆ
ಹದಿನಾಲ್ಕು ನೂರು. ಚೀರಾಟ. ಟೀ ಚೆಲ್ಲಿತು.

ಮಸಿಯ ಕಾಲಕ್ಕೆ ಎಷ್ಟು ತೆರೆಯುತ್ತಿತ್ತೋ
ಅಷ್ಟೇ ತೆರೆಯುತ್ತಿದೆ ಇನ್ನೂ.
ದಾರಿ ಚೊಕ್ಕಟವಾದದ್ದನ್ನು ಅದಕ್ಕೆ ಯಾರೂ ಹೇಳಿಲ್ಲ.

ಬ್ಯಾಟರಿಯ ವೈರು ಕಿತ್ತು, ಮರೆಯಲಿ ಅಂತ ಬಿಟ್ಟು
ಊಟಕ್ಕೆ ಕೂತೆವು. ಮೇಸ್ತ್ರಿಯ ಡಬ್ಬಿಯಲ್ಲಿ ಅಕ್ಕಿರೊಟ್ಟಿ,
ನನ್ನದರಲ್ಲಿ ಮುದ್ದೆ, ತಿಮ್ಮೇಶನಿಗೆ ಎರಡರಿಂದಲೂ ಅರ್ಧರ್ಧ.
ಕೈ ತೊಳೆದು ವೈರು ಸಿಕ್ಕಿಸಿ, ಕೀ ತಿರುಗಿಸಿ, ಮೂವತ್ತು ಎಣಿಸಿ,
ಆರಿಸಿ, ಮತ್ತೆ ಎಣಿಸಿ, ಆಮೇಲೆ ಸ್ಟಾರ್ಟ್.
ಏಳುನೂರು.
ಒಂದು ನಿಮಿಷ ಏಳುನೂರು.
ಆಮೇಲೆ ಮತ್ತೆ ಹುಡುಕಾಟ, ಈಗ ಸಣ್ಣ ದನಿಯಲ್ಲಿ.

ತಿಮ್ಮೇಶ ಜೇಬಿಗೆ ಕೈ ಹಾಕಿ ಬೀಡಿ ತೆಗೆದ.
ಮೇಸ್ತ್ರಿ ಫಟ್ಟನೆ ಕೈಮೇಲೆ ಹೊಡೆದರು. "ಗ್ಯಾಸ್ ಗಾಡಿ ಕಣಯ್ಯ!"
ಕಟ್ಟನ್ನೇ ಕಿತ್ತುಕೊಂಡು
ಅದರ ತೆಳು ಕಾಗದ ಉದ್ದಕ್ಕೆ ಹರಿದು
ಎರಡು ಬೆರಳ ತುದಿಯಲ್ಲಿ ಇಳಿಬಿಟ್ಟುಕೊಂಡು
ಪೈಪಿನಿಂದ ಪೈಪಿಗೆ, ಜೋಡಣೆಯಿಂದ ಜೋಡಣೆಗೆ
ಮದುವೆಗೆ ಬಂದವರನ್ನು ಒಬ್ಬೊಬ್ಬರಾಗಿ ವಿಚಾರಿಸುವವರಂತೆ ಹೋದರು.
ಇಲ್ಲ. ಇಲ್ಲ. ಇಲ್ಲೂ ಇಲ್ಲ.
ಮ್ಯಾನಿಫೋಲ್ಡಿನ ಹಿಂದೆ, ನನ್ನ ಟಾರ್ಚು ಹೋಗದ ಕಡೆ,
ರಬ್ಬರ್ ಪೈಪು ಮೊಣಕೈ ಮಡಿಸುವಲ್ಲಿ
ಕಾಗದ ಸರಕ್ಕನೆ ಅಂಟಿಕೊಂಡಿತು.

ಉಗುರಗಲದ ಬಿರುಕು.
ಯಾರ ಲೆಕ್ಕಕ್ಕೂ ಸಿಗದೆ ಒಳಹೋಗುತ್ತಿದ್ದ ಗಾಳಿ.

ಪೈಪಿಗೆ ಎಂಬತ್ತು ರೂಪಾಯಿ. ಕೂಲಿ ಎಷ್ಟು ಅಂತ ತಿಮ್ಮೇಶ
ನನ್ನ ಹತ್ತಿರ ಪಿಸುಗುಟ್ಟಿದ್ದು
ಅದು ಹೇಗೋ ಮೇಸ್ತ್ರಿಗೆ ಕೇಳಿಸಿತು.

ಹೊಸ ಟೀ ಬಂತು. ಇಂಜಿನ್ ಮೇಲಿಟ್ಟರು.
ಉಂಗುರವಿಲ್ಲ.
ಬಗ್ಗಿ ನೋಡಿದರು, ಕನ್ನಡಕ ಒರೆಸಿ ನೋಡಿದರು.
"ಆಫಾಯ್ತಾ?"

ಇಲ್ಲ ಅಂದೆ. ಕೇಳಿಸಲಿಲ್ಲ.
ಕೈಯಾಡಿಸಿದೆ. ಅವರು ನನ್ನತ್ತ ತಿರುಗಲಿಲ್ಲ.
ನೊಣ ಕೂತ ಕರುವಿನ ಚರ್ಮದಂತೆ
ಟೀಯ ಕೆನೆ ಒಂದೇ ಒಂದು ಸಲ ಅದುರಿತು.

ಆಮೇಲೆ ಕುಡಿದರು.