ಹುಡುಕು: ಮರ

ಶಿವಮೊಗ್ಗ, ಅರಣ್ಯ ಕಚೇರಿ, ಹಿಂದಿನ ಕೋಣೆ.
ಗಾರ್ಡ್ ಕೆರಿಯಪ್ಪನ ಇಪ್ಪತ್ತಾರು ವರ್ಷದ ಡೈರಿ
ಈಗ ಒಂದೇ ಕಡತ. ಟೈಪು ಮಾಡಿದವಳು ನಾನೇ,
ಪುಟಕ್ಕೆ ಹನ್ನೊಂದು ರೂಪಾಯಿಯಂತೆ.
ಕುಂಸಿಯಿಂದ ಅರಸಾಳಿನವರೆಗೆ ರಸ್ತೆ ಅಗಲವಾಗುತ್ತದೆ;
ಸಾಹೇಬರಿಗೆ ಪಟ್ಟಿ ಬೇಕು:
ಯಾವ ಮರ, ಯಾವ ನಂಬರು. ಮಿಕ್ಕದ್ದು ಬೇಡ.

ಮೊದಲು ಬರೀ ಎರಡಕ್ಷರ ಕೊಟ್ಟೆ.
ಮರಣ ಬಂತು. ಮರುದಿನ ಬಂತು. ಮರಳು ತುಂಬಿದ ಲಾರಿ,
‘ಕೊಡೆ ಮರೆತೆ’, ರೇಂಜರರ ಕ್ಯಾಮರಾ,
ಗೇಟಿನ ಹತ್ತಿರ ಯಾರೋ ಬಿಟ್ಟುಹೋದ ನಾಯಿಮರಿ.
ನಾನು ‘ರೆ’ ಎಂದು ಒಂದೇ ಉಸಿರಿಗೆ ಓದುವಲ್ಲಿ
ಯಂತ್ರ ರಕಾರ ಬೇರೆ, ಎತ್ವ ಬೇರೆ ಎಂದು
ಹಲಸಿನ ತೊಳೆಯಿಂದ ಬೀಜ ಬಿಡಿಸುತ್ತದೆ.

ಎಡಗಡೆ ಬೇಲಿ ಹಾಕಿದೆ: ಪದ ಇಲ್ಲಿಂದಲೇ ಶುರುವಾಗಬೇಕು.
ಹೆಮ್ಮರಗಳೆಲ್ಲ ಹೊರಗೆ ನಿಂತವು.
ಕಿತ್ತೆ.
ಬಲಗಡೆ ಹಾಕಿದೆ. ಮರದ, ಮರಕ್ಕೆ, ಮರದಲ್ಲಿ,
ಒಂದೂ ಒಳಗೆ ಬರಲೊಲ್ಲದು.
ನಮ್ಮ ಭಾಷೆಯಲ್ಲಿ ಪದ ಮುಗಿಯಿತು ಅನ್ನುವಷ್ಟರಲ್ಲಿ
ಅದಕ್ಕೊಂದು ಬಾಲ ಬಂದಿರುತ್ತದೆ.

ಆಗ ನೆನಪಾದದ್ದು ಗೋಪಾಳದ ಶಾಲೆ, ಆರನೇ ಕ್ಲಾಸು,
ಪಂಕಜಾ ಟೀಚರ ಕೈಯ ಅಡಿಕೋಲು,
ವಿಭಕ್ತಿಯ ಬಾಯಿಪಾಠ. ಕೊನೆಗೂ ಒಂದು ಕೆಲಸಕ್ಕೆ ಬಂತು!
ಆವರಣದೊಳಗೆ ಒಂದೊಂದನ್ನೇ ಕೂರಿಸಿದೆ,
ಜಗಳವಾಡದಿರಲೆಂದು ನಡುವೆ ನೆಟ್ಟನೆ ಗೆರೆ:
ವು | ವನ್ನು | ದಿಂದ | ಕ್ಕೆ | ದ | ದಲ್ಲಿ
ಸಂಬೋಧನೆ ಬಿಟ್ಟೆ. ಸರ್ಕಾರಿ ಡೈರಿಯಲ್ಲಿ
ಯಾರು ಕೂಗುತ್ತಾರೆ ಮರವನ್ನು.

ಆಮೇಲೆ ಚುಕ್ಕಿ, ಅದರ ಬೆನ್ನಿಗೆ ನಕ್ಷತ್ರ.
ಚುಕ್ಕಿ ಅಂದರೆ ಏನಾದರೂ ಒಂದು. ನಕ್ಷತ್ರ ಅಂದರೆ ಎಷ್ಟಾದರೂ,
ಏನೂ ಇಲ್ಲದಿದ್ದರೂ ಅಡ್ಡಿಯಿಲ್ಲ.
ಮರದಿಂದ ಅಂಕಿಯವರೆಗೆ ತಾ ಅಂದೆ.
ಸಾಲು ದಾಟಲು ಬಿಟ್ಟದ್ದು ನನ್ನದೇ ತಪ್ಪು:
ಬಕಾಸುರ, ಮೊದಲ ಮರದಿಂದ ಕಟ್ಟಕಡೆಯ ಅಂಕಿಯವರೆಗೆ
ಗಾಡಿ ಸಮೇತ ನುಂಗಿತು,
ಗಸ್ತು, ಕಾಡುಹಂದಿ, ಭತ್ಯೆಯ ಬಾಕಿ, ಮಗಳ ಬಾಣಂತನ.
ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟೆ.
ಎಲೆ ಮುಂದೆ ಕೂತ ಹೊಸ ಅಳಿಯನ ಹಾಗೆ
ಎರಡು ತುತ್ತಿಗೇ ಸಾಕು ಸಾಕು ಅಂದಿತು.

೪೧೨ ಮರ. ಹೊನ್ನೆ, ಮತ್ತಿ, ನಂದಿ, ಹೆಬ್ಬಲಸು.
ಶನಿವಾರ ಪಟ್ಟಿ ಕೊಟ್ಟೆ. ಚಾ ಕುಡಿದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ,
ಬೇಡವೆಂದು ತಳ್ಳಿದ್ದನ್ನು ತೆರೆದೆ.
ಮರಣ, ನಲವತ್ತೊಂದು ಸಲ.
ಇಷ್ಟು ಜನ ಸತ್ತರೇ ಅರಸಾಳಿನ ಸುತ್ತ?
‘ಸಿಡಿಲು. ಮರಣ: ಮತ್ತಿ, ೬೪.’
‘ಗಾಳಿಗೆ. ಮರಣ: ನಂದಿ, ೨೦೯. ಒಳಗೆ ಪೊಳ್ಳು, ಗಿಳಿಮರಿ ಎರಡು.’
ಬಿದ್ದದ್ದನ್ನು ಅವನು ಮರ ಅಂತ ಎಲ್ಲೂ ಬರೆದಿಲ್ಲ.
ನನ್ನ ಪಟ್ಟಿಯಲ್ಲಿ ಮಾತ್ರ ೬೪ ಇನ್ನೂ ನಿಂತಿದೆ,
೨೦೯ ಕೂಡ,
ಕಡಿಯುವವರ ದಾರಿ ಕಾಯುತ್ತ.

ಮತ್ತೆ ೧೯೯೪ರ ಆಷಾಢ, ಅದೇ ಕೈ, ಅದೇ ನೀಲಿ ಶಾಯಿ,
ಅದೇ ಎರಡು ಚುಕ್ಕಿಯ ಮೇಲಿನ ಭಾರ:
‘ಜ್ವರ. ಮರಣ: ಅವ್ವ. ನಂಬರು ಇಲ್ಲ.’

ಅದರ ಮರುದಿನದ ಪುಟದಲ್ಲಿ ಒಂದೇ ಸಾಲು:
‘ಮರವೇ, ನೀನಾದರೂ ಈ ಮಳೆಗಾಲ ತಡೆ.’
ಯಾವ ಮರ, ಎಲ್ಲಿಯದು, ಬರೆದಿಲ್ಲ.
ಟೈಪು ಮಾಡಿದವಳು ನಾನೇ.
ಪುಟಕ್ಕೆ ಹನ್ನೊಂದು ರೂಪಾಯಿ, ಬೆರಳು ಓದಿತ್ತು, ನಾನು ಓದಿರಲಿಲ್ಲ.

ಸೋಮವಾರ ಆವರಣ ಬಿಚ್ಚಿ
ಕೊನೆಯ ಗೆರೆಯಾಚೆ ‘ವೇ’ ಕೂರಿಸಿದೆ. ಅಂಕಿಯ ಷರತ್ತು ತೆಗೆದೆ, ಅದೊಂದಕ್ಕೆ.
ಹೊಸ ಪಟ್ಟಿ: ೩೭೨, ಮತ್ತೆ ಒಂದು.
ಸಾಹೇಬರು ಕನ್ನಡಕ ಹಣೆಗೇರಿಸಿ
ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು:
‘ಏನಮ್ಮ ಇದು, ಜಾತಿ ಕಾಲಂ ಖಾಲಿ ಬಿಟ್ಟಿದ್ದೀಯ?’