ಎರಡು ನಿಮಿಷ

ಹೆಸರು ವರ್ನಾ ಪೆಟಿಗ್ರೂ. ಊರು ಯಾಕಿಮಾ.
ಹನ್ನೊಂದು ವರ್ಷ ಪೊಲೀಸರಿಗೆ ಕಿವಿ ಕೊಟ್ಟವಳು,
ಗಂಟೆಗೆ ಇಷ್ಟು ಡಾಲರ್ ಅಂತ.
ಮೈಕು ಸ್ವಲ್ಪ ಹತ್ತಿರಕ್ಕೆ, ಅಂದರು ಅಧ್ಯಕ್ಷೆ.
ನಗು ಬಂತು. ಕೇಳಿ ಕೇಳಿ ಕೂತವಳಿಗೆ
ತನ್ನ ದನಿ ಎಷ್ಟು ದೂರ ಇರಬೇಕು ಗೊತ್ತಿಲ್ಲ.

ಒಲಿಂಪಿಯಾದ ಈ ಕೋಣೆಯಲ್ಲಿ ಕಾಫಿ ಪುಕ್ಕಟೆ.
ಮಸೂದೆಯ ಪ್ರತಿ ಎಲ್ಲರ ಮುಂದೆ.
ಏಳನೇ ಪುಟ, ಮೂರನೇ ಸಾಲು:
ಹಳೆಯ ನಿಯಮದ ಮೇಲೊಂದು ಗೀಟು.

ಹಳೆಯ ನಿಯಮ ಇಷ್ಟೆ.
ಮಾತು ಮಾದಕದ್ದಲ್ಲ ಅನ್ನಿಸಿದೊಡನೆ
ಹೆಬ್ಬೆರಳಲ್ಲಿ ಗುಂಡಿ ಒತ್ತಬೇಕು, ಕಿವುಡಾಗಬೇಕು
ಎರಡು ನಿಮಿಷ.
ಆಮೇಲೆ ಇಣುಕಬಹುದು, ಐದಾರು ಸೆಕೆಂಡು;
ಇನ್ನೂ ಅಡುಗೆ, ಜ್ವರ, ಜಗಳವೇ ಆಗಿದ್ದರೆ
ಮತ್ತೆ ಎರಡು ನಿಮಿಷ.

ಡ್ವೇನ್ ಕಿಟ್ರೆಲ್‌ನನ್ನು ನಾನು ಓದಿದ್ದು ಹೀಗೆ,
ಇಲಿ ತಿಂದ ಪುಸ್ತಕವನ್ನು ಓದಿದ ಹಾಗೆ.
ನೀಲಿ ಮಾತ್ರೆಗೆ ಅವನು ಟೈರು ಅನ್ನುತ್ತಿದ್ದ.
ನಾಲ್ಕು ಟೈರು, ನಲವತ್ತು ಟೈರು.
ನಿಜವಾದ ಟೈರಿನ ಅಂಗಡಿಯೂ ಇತ್ತು, ಅದೇ ಪೇಚು.
ಹಿಮ ಬಿದ್ದ ಬೆಳಿಗ್ಗೆ ಯಾವಳೋ ಮುದುಕಿ
ಎರಡು ಟೈರು ಬೇಕಿತ್ತಪ್ಪಾ ಅಂದಾಗ
ನಾವು ಮೂವರು ಪೆನ್ನು ಹಿಡಿದು ಬಗ್ಗಿದ್ದೆವು.

ರಾತ್ರಿ ಅವನ ಚಿಕ್ಕಮ್ಮ ಲೊರೇನಳ ಫೋನು.
"ಕಾಲು ಊದಿದೆ ಕಣೋ, ಡಾಕ್ಟರು ಏನಂದರು ಅಂದರೆ..."
ಗುಂಡಿ.
ಗಡಿಯಾರದ ಮುಳ್ಳು ಎರಡು ಸುತ್ತು.
"...ಹಾಗಾದರೆ ನಾಯಿಯನ್ನ ಯಾರು ನೋಡ್ಕೋತಾರೆ?"
ಗುಂಡಿ.
ಡಾಕ್ಟರು ಏನಂದರೋ ನನಗೆ ಇವತ್ತಿಗೂ ಗೊತ್ತಿಲ್ಲ.
ಮನೆಯಲ್ಲಿ ಪಾತ್ರೆ ತೊಳೆಯುವಾಗ
ಗಂಡ ಪಕ್ಕದಲ್ಲೇ ನಿಂತು ಏನೋ ಹೇಳುತ್ತಿದ್ದ;
ಹೆಬ್ಬೆರಳು ಸಿಂಕಿನ ಅಂಚನ್ನು ಒತ್ತುತ್ತಿತ್ತು.

"ಆ ನಿಯಮದಿಂದ ತನಿಖೆಗೆ ಅಡ್ಡಿಯಾಯಿತೆ?"
ಮೂರನೇ ಕುರ್ಚಿಯ ಸೆನೆಟರ್ ಕೇಳಿದರು.
ಗೋಡೆಯ ಬದಿ ಒಬ್ಬ ತಾಯಿ,
ತೊಡೆಯ ಮೇಲೆ ಹತ್ತೊಂಬತ್ತು ವರ್ಷದ ಮಗನ ಪಟ.
ತಿಂದದ್ದು ಅರ್ಧ ಮಾತ್ರೆಯಂತೆ.
ಆ ಪಟ ನೋಡಿಕೊಂಡು ಸುಳ್ಳಾಡಲಾಗದು.
ಆಯಿತು, ಅಂದೆ. ಒಂದು ಸಲವಲ್ಲ.
ಆದರೂ ಆಲಿಸುವುದು ಬೇರೆ, ಕದ್ದಾಲಿಸುವುದು ಬೇರೆ,
ನಡುವಿನ ಗೋಡೆ ಈ ಹೆಬ್ಬೆರಳಷ್ಟೇ ದಪ್ಪ,
ಅದನ್ನೂ ನೀವು...

ಕೆಂಪು ದೀಪ ಹೊತ್ತಿತು.
ಸಾಕ್ಷಿಗೆ ತಲಾ ಎರಡೇ ನಿಮಿಷ.

ಹೊರಗೆ, ಕೋಟುಗಳ ಸಾಲಿನ ಹತ್ತಿರ
ಆ ತಾಯಿ ನನ್ನ ತೋಳು ಹಿಡಿದಳು.
ಬೈಯುತ್ತಾಳೆ ಅಂದುಕೊಂಡೆ.
"ಆ ಫೋನುಗಳಲ್ಲಿ ನನ್ನ ಮಗನೂ ಮಾತಾಡಿದ್ದನಂತೆ.
ಟೈರು ಬಿಟ್ಟು
ಬೇರೆ ಏನಾದರೂ ಅಂದನೆ?"

ಜೇಬಿನೊಳಗೆ
ಹೆಬ್ಬೆರಳನ್ನು ಮಡಚಿಕೊಂಡೆ.