ಅರ್ಧ ಇಂಚು

ಸೀತಾಂಗೋಳಿ ಏರಿನ ಕೊನೆಯ ತಿರುವಿನಲ್ಲಿ
ಬಲತೊಡೆಯ ಹಿಂದೆ ಯಾರೋ
ಹೊಲಿಗೆಯ ನೂಲು ಜಗ್ಗಿದ ಹಾಗೆ.
ಸದ್ದಿಲ್ಲ. ಬಿದ್ದಿಲ್ಲ. ತರಚಿಲ್ಲ.
ಮುರಕಲ್ಲಿನ ಕೋರೆಯ ಬದಿಗೆ ಸೈಕಲ್ ಒರಗಿಸಿ
ನೀರು ಕುಡಿಯುವ ನೆವದಲ್ಲಿ ನಿಂತೆ.
ನನ್ನನ್ನು ದಾಟಿಹೋದ ಹುಡುಗ, ಹದಿನಾರೋ ಹದಿನೇಳೋ,
ತಿರುಗಿಯೂ ನೋಡಲಿಲ್ಲ.
ನಾವಿಬ್ಬರೂ ಪಂದ್ಯದಲ್ಲಿದ್ದೆವೆಂದು
ಪಾಪ, ಅವನಿಗೆ ಗೊತ್ತೇ ಇರಲಿಲ್ಲ.

ಇಳಿಯುವಾಗ ಎಲ್ಲ ಕೆಲಸ ಎಡಗಾಲಿನದು.
ಕುಂಬಳೆ ಪೇಟೆಯಲ್ಲಿ ಮೀನಿನ ಅದ್ರಾಮ,
“ಎಂತ ಬಾಯಮ್ಮ, ನೀವು ಸೈಕಲನ್ನು ತಳ್ಳುವುದಾ,
ಸೈಕಲ್ ನಿಮ್ಮನ್ನಾ?” ಎಂದು ಕೇಳಿ
ಬಂಗುಡೆಯ ಅಡಿಯಿಂದ ಒಂದು ತೊಟ್ಟೆ
ಮಂಜುಗಡ್ಡೆ ತುಂಬಿಸಿ ಕೊಟ್ಟ.
ಟವಲಿನಲ್ಲಿ ಸುತ್ತಿ ಹದಿನೈದು ನಿಮಿಷ,
ಮೂರು ಗಂಟೆ ಬಿಟ್ಟು ಮತ್ತೆ ಹದಿನೈದು.
ಬೆಕ್ಕು ಎರಡು ದಿನ
ನನ್ನ ತೊಡೆ ಬಿಟ್ಟು ಕದಲಲಿಲ್ಲ.

ಕಾಸರಗೋಡಿನ ಕ್ಲಿನಿಕ್ಕಿನಲ್ಲಿ ಷಿಜಿನಾ
ಎರಡು ಬೆರಳಲ್ಲಿ ಒತ್ತುತ್ತ ಬಂದಳು.
ಇಲ್ಲಿಯಾ? ಇಲ್ಲಿಯಾ?
“ಸಾಯ್ಬಾ!” ಎಂದಿತು ಬಾಯಿ, ಕೊಂಕಣಿಯಲ್ಲಿ.
“ಸಾರಮಿಲ್ಲ, ಚೇಚಿ,” ಎಂದಳು ಅವಳು.
ಅವಳ ಭಾಷೆಯಲ್ಲಿ ಅದು ಪರವಾಗಿಲ್ಲ.
ಇಪ್ಪತ್ತಾರು ವರ್ಷ ಕಚೇರಿಯಲ್ಲಿ ಕೂತು
ಮಲಯಾಳದ ಅರ್ಜಿಗಳನ್ನು ಕನ್ನಡಕ್ಕೆ ದಾಟಿಸಿದವಳು ನಾನು,
ಆದರೂ ಮೊದಲು ಕೇಳುವುದು ಸಾರವಿಲ್ಲ ಎಂದೇ.
ಮೂರು ಭಾಷೆ, ಒಂದು ತೊಡೆ.

ಬರೆದುಕೊಟ್ಟದ್ದು ಇಷ್ಟು:
ಮೂರನೆಯ ದಿನದಿಂದ ಅಂಗಾತ ಮಲಗಿ
ಹಿಮ್ಮಡಿಯನ್ನು ಮೆಲ್ಲ ಎಳೆದುಕೊಳ್ಳುವುದು, ಹತ್ತು ಸಲ.
ಸೊಂಟ ಎತ್ತಿ ಐದು ಎಣಿಸುವುದು,
ಎಣಿಸುವಾಗ ಉಸಿರು ಕಟ್ಟಬಾರದು.
ನೋವಿನ ಬಾಗಿಲ ತನಕ ಹೋಗಬಹುದು,
ಬಡಿಯಬಾರದು.
(ಈ ಕೊನೆಯದು ಅವಳು ಬರೆದದ್ದಲ್ಲ,
ನಾನು ಅನುವಾದಿಸಿಕೊಂಡದ್ದು.)

ಈ ಸ್ನಾಯುವನ್ನು ನಾನು ನೋಡಿದ್ದೇ ಇಲ್ಲ.
ಕನ್ನಡಿಗೆ ಎದುರಾಗಿ ನಿಂತರೆ ಅದು ಹಿಂದೆ,
ತಿರುಗಿ ನಿಂತರೆ ಕಣ್ಣು ಹಿಂದೆ.
ಸ್ನಾಯು ಎಂದು ಬರೆಯುವಾಗಲೂ
ನಕಾರ ಕೆಳಗೆ ಒತ್ತಾಗಿ ಕೂತಿರುತ್ತದೆ,
ಯಾರ ಗಮನಕ್ಕೂ ಬಾರದೆ.
ನನ್ನ ರಜೆ ಅರ್ಜಿಯಲ್ಲಿ ಅದೊಂದು ಬಿಟ್ಟುಹೋಗಿ
‘ಬಲತೊಡೆಯ ಸಾಯು’ ಎಂದು ಅಚ್ಚಾಯಿತು.
ಸುಪರಿಂಟೆಂಡೆಂಟರು ಗಾಬರಿಯಲ್ಲಿ ಫೋನ್ ಮಾಡಿದರು:
“ಸಿಲ್ವೀನಾ ಮೇಡಂ, ಇದು ಸಣ್ಣ ಎಳೆತ ಅಲ್ಲವಾ?”
ಸಣ್ಣದೇ ಸಾರ್. ಅಕ್ಷರದ್ದು.

ಹತ್ತನೆಯ ದಿನ ಸೈಕಲ್ ರಿಪೇರಿಯ ಅಂದುಞಿ
ಸೀಟಿನ ಕಂಬವನ್ನು ಹೆಬ್ಬೆರಳಲ್ಲಿ ಸವರಿದ.
ಹಳೆಯ ಗುರುತಿನ ಕೆಳಗೆ
ಹೊಳೆಯುವ ಅರ್ಧ ಇಂಚು.
“ಇದನ್ನು ಎತ್ತಿದ್ದು ಯಾರು?”
ಸುಳ್ಳು ಹೇಳಬಹುದಿತ್ತು.
ಬೇಕಲದಲ್ಲಿ ತೆಗೆದ ಗುಂಪು ಫೋಟೋದಲ್ಲಿ
ಕುಳ್ಳಿಯ ಹಾಗೆ ಕಂಡಿದ್ದೆ, ಅಷ್ಟೇ ಕಾರಣ.
“ಪೆಡಲು ತಳಕ್ಕೆ ಹೋದಾಗಲೂ
ಮಂಡಿಯಲ್ಲಿ ಚೂರು ಬಾಗು ಉಳಿಯಬೇಕು,
ಪೂರ್ತಿ ಚಾಚಿದರೆ ಹಿಂದಿನದ್ದು ಎಂತ ಮಾಡಬೇಕು ಹೇಳಿ?”
ಸ್ಪಾನರು ಒಂದು ಸುತ್ತು.
ಅರ್ಧ ಇಂಚು ಕೆಳಗಿನಿಂದ
ಲೋಕವೇನೂ ಬೇರೆ ಕಾಣಲಿಲ್ಲ.

ಇವತ್ತು ಬೆಳಿಗ್ಗೆ ಕೊಯಿಪಾಡಿಯ ಸಮತಟ್ಟು ದಾರಿ,
ಹಗುರ ಗೇರು, ಎದ್ದು ನಿಂತು ತುಳಿಯುವುದಿಲ್ಲ.
ಬಲೆ ಒಣಗಿಸುವವರು ದಾರಿ ಬಿಟ್ಟರು,
ಒಬ್ಬಾಕೆ, “ಗುಣ ಆಯ್ತಾ?” ಎಂದಳು.
ಅದ್ರಾಮ ಊರಿಗೆಲ್ಲ ಹೇಳಿದ್ದಾನೆ.
ಅಲ್ಲಿಂದ ತಿರುಗಿ ಪೇಟೆ ದಾಟಿ
ಬದಿಯಡ್ಕ ರಸ್ತೆ ಏರತೊಡಗುವಲ್ಲಿ
ಒಂದು ಕಾಲು ನೆಲಕ್ಕಿಟ್ಟೆ.
ತೊಡೆಯನ್ನು ಕೇಳಿದೆ.
ಅದು ಇನ್ನೂ ಯೋಚಿಸುತ್ತಿತ್ತು.

ಮೇಲಿನಿಂದ ಆ ಹುಡುಗ ಗಾಳಿಯಂತೆ ಇಳಿದು ಬಂದ,
ಗಂಟೆ ಬಾರಿಸಿದ.
ರಸ್ತೆಯ ನಡುವೆ ನಿಂತ ದನಕ್ಕೋ ನನಗೋ ಗೊತ್ತಿಲ್ಲ.
ನಾನೂ ಬಾರಿಸಿದೆ.